ಒರಳು ಅವರಿಗೆ, ಗುಂಡು ಇವರಿಗೆ

ಶ್ರೀರಾಮಪ್ಪನಿಗೆ ಆಯುಷ್ಯದಲ್ಲಿ ಒಂದೇ ಒಂದು ಸಲ ಭಾರಿ ಉಪಾಯ ಹೊಳೆಯಿತು. ಅದನ್ನು ಹೊತ್ತು ತಿರುಗುವ ಕೆಲಸ ಮಾತ್ರ ಹಿರಿಸೊಸೆ ಶಶಿರೇಖಳ ಪಾಲಿಗೆ ಬಂತು. ಹೊತ್ತು ಎಂದರೆ ಬರೀ ಮಾತಿಗಲ್ಲ. ಸೆರಗಿನಲ್ಲಿ ಸುತ್ತಿ, ಸೊಂಟಕ್ಕೆ ಆನಿಸಿಕೊಂಡು, ಕೊಟ್ಟಿಗೆ ಬಳಸಿ, ಸಗಣಿ ತುಳಿಯದಂತೆ ಕಾಲು ನೋಡಿಕೊಂಡು, ದಿನಾ ಬೆಳಿಗ್ಗೆ ಒಂದು ಗುಂಡುಕಲ್ಲನ್ನು ಹೊತ್ತಳು.

ಬಂಗಾರಪೇಟೆಯಿಂದ ಕೆ.ಜಿ.ಎಫ್. ಕಡೆಗೆ ಹೋಗುವ ರಸ್ತೆಗೆ ಅಂಟಿಕೊಂಡ ಹಳ್ಳಿಯಲ್ಲಿ ಅವರ ಮನೆ. ಹಿರಿಮಗ ಗಿರಿ ಆಟೋ ಓಡಿಸುತ್ತಾನೆ, ಅವನ ಹೆಂಡತಿ ಶಶಿರೇಖ. ಕಿರಿಮಗ ಸಾಯಿಕುಮಾರ್ ಬಂಗಾರಪೇಟೆಯ ಸಿಮೆಂಟ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ಅವನ ಹೆಂಡತಿ ಕಲ್ಪನ. ಸಂಕ್ರಾಂತಿ ಕಳೆದ ಮೇಲೆ ಇಬ್ಬರು ಸೊಸೆಯರೂ ಇನ್ನು ಒಂದೇ ಒಲೆಯ ಮುಂದೆ ನಿಲ್ಲಲಾರೆವು ಎಂದುಬಿಟ್ಟರು. ಕಾರಣ ಕೇಳಿದರೆ ಒಬ್ಬಳು ಹಾಲಿನ ಲೋಟದ ಸುದ್ದಿ ತೆಗೆದಳು, ಇನ್ನೊಬ್ಬಳು ಬಟ್ಟೆ ಒಣಹಾಕುವ ಹಗ್ಗದ ಸುದ್ದಿ ತೆಗೆದಳು. ಇಷ್ಟಕ್ಕೆಲ್ಲ ಮನೆ ಒಡೆಯುತ್ತಾರಾ ಎಂದು ಅತ್ತೆ ವೆಂಕಟರತ್ನಮ್ಮ ತಲೆ ಚಚ್ಚಿಕೊಂಡಳು. ಒಡೆದರು. ನಡುಮನೆಗೆ ಹಾಲೋಬ್ಲಾಕಿನ ಗೋಡೆ ಎದ್ದಿತು. ಆಟೋ ನಿಲ್ಲಿಸಲು ಅನುಕೂಲವೆಂದು ರಸ್ತೆ ಕಡೆಯ ಭಾಗ ಗಿರಿಗೆ ಬಂತು. ಹಿತ್ತಿಲು ಕಡೆಯ ಭಾಗ, ಅದರೊಳಗಿದ್ದ ಹಳೇ ಅಡುಗೆಮನೆ ಸಮೇತ, ಸಾಯಿಕುಮಾರನಿಗೆ ಹೋಯಿತು. ಹಸು ಒಂದೊಂದು. ತೆಂಗಿನಮರ ಒಂದೇ ಇದ್ದುದರಿಂದ ಕಾಯಿಗಳಲ್ಲಿ ಸಮಪಾಲು.

ಕೊನೆಗೆ ಉಳಿದದ್ದು ಒರಳುಕಲ್ಲು.

ಅದು ಹಳೇ ಅಡುಗೆಮನೆಯ ನೆಲದಲ್ಲಿ ಹೂತಿತ್ತು. ಶ್ರೀರಾಮಪ್ಪನ ಅಜ್ಜಿಯ ಕಾಲದ್ದು. ಶಶಿರೇಖ ಅದು ತನಗೆ ಬೇಕೇ ಬೇಕು ಎಂದು ಕೂತಳು. ಹಾಗೆ ಕೂರಲು ಕಾರಣವೂ ಇತ್ತು. ಕೆ.ಜಿ.ಎಫ್.ನ ಊರಿಗಾಂನಲ್ಲಿ, ಹಳೇ ಗಣಿ ಕಂಪನಿಯ ಮನೆಗಳಲ್ಲಿ ಬಾಡಿಗೆಗಿರುವ ಫ್ಯಾಕ್ಟರಿ ನೌಕರರಿಗೆ ಅವಳು ಮಧ್ಯಾಹ್ನದ ಊಟ ಕಳಿಸುತ್ತಿದ್ದಳು. ದಾವಣಗೆರೆ, ಹಾಸನ, ವಿಜಯಪುರ, ಎಲ್ಲೆಲ್ಲಿಂದಲೋ ಬಂದ ಹುಡುಗರು, ಹುಡುಗಿಯರು. ಮುದ್ದೆ ಕಂಡರೆ ಮೊದಲು ಮುಖ ತಿರುಗಿಸಿದವರೇ ಈಗ ಅವಳ ಬಸ್ಸಾರಿಗೆ ಕಾಯುತ್ತಿದ್ದರು. ಬೇಳೆ, ಸೊಪ್ಪು ಬೇಯಿಸಿ, ಕಟ್ಟು ಬಸಿದು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಹುರಿದ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಕಾಯಿ ಎಲ್ಲ ಸೇರಿಸಿ ಒರಳಲ್ಲಿ ಖಾರ ರುಬ್ಬಿ ಹಾಕಿದರೆ ಆ ವಾಸನೆಗೆ ಆಟೋ ಹಿಂದೆ ನಾಯಿ ಓಡಿಬರುತ್ತವೆ ಎಂದು ಗಿರಿ ಹೇಳುತ್ತಿದ್ದ. ಈ ಕ್ಯಾರಿಯರುಗಳು ಶುರುವಾಗುವ ಮೊದಲು ತವರಿಗೆ ಹೋಗುವ ಬಸ್ ಚಾರ್ಜಿಗೂ ಶಶಿರೇಖ ಗಂಡನ ಜೇಬು ನೋಡಬೇಕಾಗಿತ್ತು. ಈಗ ನೋಡುತ್ತಿರಲಿಲ್ಲ. ತಂಗಿ ಸುಮಲತಳ ಬಾಣಂತನಕ್ಕೆ ತಾನೇ ಸೀರೆ ತಂದು, ಯಾರಿಗೂ ಕೈಚಾಚದೆ ಹೋಗಿಬಂದಿದ್ದಳು. ಅವಳದು ಅಂತ ಆ ಮನೆಯಲ್ಲಿ ಇದ್ದದ್ದು ಆ ಸ್ಟೀಲ್ ಡಬ್ಬಿಗಳು ಮಾತ್ರ.

ಪಾಲು ಹೇಳಲು ಬಂದಿದ್ದ ನೆಂಟ ಜಯರಾಮಪ್ಪ ಕಲ್ಲನ್ನು ಅಗೆದು ತೆಗೆದು ಶಶಿರೇಖಳಿಗೆ ಕೊಡಿ ಎಂದ. ನೆಲದಲ್ಲಿ ಕೂತ ಕಲ್ಲನ್ನು ಎಬ್ಬಿಸಿದರೆ ಬಿರಿಯುತ್ತದೆ, ಬಿರಿದರೆ ಯಾರು ಜವಾಬ್ದಾರಿ ಎಂದು ಕಲ್ಪನ ಕೇಳಿದಳು. ಆಗ ಶ್ರೀರಾಮಪ್ಪನಿಗೆ ಉಪಾಯ ಹೊಳೆಯಿತು.

"ಒಳ್ಕಲ್ಲು ಚಿಕ್ಕೋನ್ಗೆ, ಗುಂಡು ದೊಡ್ಡೋನ್ಗೆ," ಎಂದ. "ರುಬ್ಬಬೇಕು ಅಂದ್ರೆ ಒಬ್ರ ಬಾಗ್ಲು ಒಬ್ರು ತುಳೀಲೇಬೇಕು. ಗೋಡೆ ಎದ್ರೂ ಮಾತು ಬಿಡೋಕಾಗಲ್ಲ."

ಭೇಷ್ ಎನ್ನುತ್ತಾರೆಂದು ಎಲ್ಲರ ಮುಖ ನೋಡಿದ. ವೆಂಕಟರತ್ನಮ್ಮ ಅವನ ಬುದ್ಧಿಗೆ ಬೆಂಕಿ ಬೀಳಲಿ ಎಂಬುದನ್ನು ತೆಲುಗಿನಲ್ಲಿ ಹೇಳಿ, ಉಳಿದದ್ದನ್ನು ಕನ್ನಡದಲ್ಲಿ ಹೇಳಿದಳು. "ಬಾಯಾಗಿನ ಅಲ್ಲು ಒಬ್ಬಂಗೆ, ನಾಲ್ಗೆ ಒಬ್ಬಂಗೆ ಕೊಟ್ಟಂಗಾಯ್ತು. ಉಣ್ಣೋರು ಯಾರೀಗ?"

ಆದರೆ ಹೊತ್ತಾಗಿತ್ತು, ಜಯರಾಮಪ್ಪನಿಗೆ ಬಸ್ಸಿತ್ತು. ಹಾಗೇ ಆಗಲಿ ಎಂದು ಎದ್ದುಹೋದ.

ಮೊದಲ ವಾರ ಹೇಗೋ ನಡೆಯಿತು. ಒಳಗಿನ ದಾರಿಗೆ ಗೋಡೆ ಬಂದಿದ್ದರಿಂದ ಶಶಿರೇಖ ಗುಂಡನ್ನು ಹೊತ್ತು ಹೊರಗಿನಿಂದ ಸುತ್ತಿ ಹೋಗಬೇಕು. ಹೋದರೆ ಕಲ್ಪನ ನೆಲ ಒರೆಸುತ್ತಿರುತ್ತಿದ್ದಳು, ಆರಲಿ ಅಕ್ಕ ಎನ್ನುತ್ತಿದ್ದಳು. ಮರುದಿನ ಬೇಗ ಹೋದರೆ ಸಾಯಿಕುಮಾರ್ ಇನ್ನೂ ಮಲಗಿದ್ದಾನೆ, ಸದ್ದಾಗುತ್ತದೆ ಎನ್ನುತ್ತಿದ್ದಳು. ಸಿಕ್ಕ ಹೊತ್ತಿನಲ್ಲಿ ಶಶಿರೇಖ ಅವಸರಕ್ಕೆ ಅರ್ಧಂಬರ್ಧ ಅರೆದುಕೊಂಡು ಓಡಿಬರುತ್ತಿದ್ದಳು. ಕಲ್ಪನಳಿಗೂ ಸುಖವಿರಲಿಲ್ಲ. ದೋಸೆಹಿಟ್ಟು ರುಬ್ಬಲು ಅವಳಿಗೆ ಸಂಜೆ ಗುಂಡು ಬೇಕು. ದೀಪ ಹಚ್ಚಿದ ಮೇಲೆ ಗುಂಡು ಹೊಸಿಲು ದಾಟಬಾರದು, ದಾಟಿದರೆ ಮನೆಯ ಲಕ್ಷ್ಮಿ ಅದರ ಹಿಂದೆಯೇ ಹೋಗುತ್ತಾಳೆ ಎಂದು ವೆಂಕಟರತ್ನಮ್ಮ ಅಡ್ಡ ನಿಲ್ಲುತ್ತಿದ್ದಳು. ಒಂದೇ ಮನೆ ಅಲ್ವಾ ಅತ್ತೆ ಎಂದರೆ, ಒಂದೇ ಮನೆಯಾದರೆ ಗೋಡೆ ಯಾಕೆ ಎಂದು ತಿರುಗಿ ಕೇಳುತ್ತಿದ್ದಳು. ನೆನೆಸಿದ ಅಕ್ಕಿ ಹುಳಿಯಾಗಿ ಹಸುವಿನ ಬಾನಿಗೆ ಹೋಗುತ್ತಿತ್ತು.

ಎರಡನೇ ವಾರ ಕಲ್ಲು ತೊಳೆದ ನೀರಿನ ಜಗಳ ಬಂತು.

ಖಾರ ಬಳಿದು ತೆಗೆದ ಮೇಲೆ ಒರಳಿಗೆ ನೀರು ಚಿಮುಕಿಸಿ, ಅಂಗೈಯಲ್ಲಿ ಉಜ್ಜಿ, ಆ ನೀರನ್ನೂ ಸಾರಿಗೇ ಹಾಕುವುದು ಎಲ್ಲ ಮನೆಗಳ ಪದ್ಧತಿ. ಶಶಿರೇಖ ಹಾಗೆ ನೀರು ತೋಡಲು ಬಗ್ಗಿದಾಗ ಕಲ್ಪನ ತನ್ನ ಪಾತ್ರೆ ತಂದು ಇಟ್ಟಳು.

"ಅದು ನಂಗಿರ್ಲಿ ಅಕ್ಕ."

"ಯಾವ್ದು?"

"ಕಲ್ಲು ತೊಳ್ದ ನೀರು. ಕಲ್ಲು ನಮ್ ಭಾಗದ್ದಲ್ವಾ?"

"ರುಬ್ಬಿದ ಖಾರ ನಂದು ಕಣೆ."

"ಖಾರ ತಗೊಂಡ್ಯಲ್ಲ, ಬಟ್ಲು ತುಂಬ. ನೀರು ಕಲ್ಲಿಂದು."

ಶಶಿರೇಖ ಬಟ್ಟಲನ್ನೂ ಗುಂಡನ್ನೂ ಎತ್ತಿಕೊಂಡು, ನೀರನ್ನು ಅಲ್ಲೇ ಬಿಟ್ಟು ಬಂದಳು. ಮುದುಕ ಮುದುಕಿ ಒಂದೊಂದು ವಾರ ಒಂದೊಂದು ಕಡೆ ಉಣ್ಣುತ್ತಿದ್ದರು, ಆ ವಾರ ಕಲ್ಪನಳ ಸರದಿ. ರಾತ್ರಿ ಊಟ ಮುಗಿಸಿ ಜಗುಲಿಗೆ ಬಂದ ಶ್ರೀರಾಮಪ್ಪ, ಇವತ್ತು ಚಿಕ್ಕಸೊಸೆ ಬೇಳೆಸಾರು ಏನು ಘಮಘಮ ಅಂತಿತ್ತು ಎಂದು ಗಿರಿಯ ಮುಂದೆ ಹೊಗಳಿದ. ಒಳಗೆ ಪಾತ್ರೆ ತೊಳೆಯುತ್ತಿದ್ದ ಶಶಿರೇಖ ಆ ಘಮಘಮ ಯಾರದು ಅಂತ ಕೇಳಿ ಮಾವ ಎಂದು ಕೂಗಿದಳು. ಕೇಳಲು ಅವನು ಅಲ್ಲಿರಲಿಲ್ಲ. ಇಂಥ ಹೊತ್ತಿನಲ್ಲಿ ಅವನಿಗೆ ಹಸುವಿನ ನೆನಪು ಬೇಗ ಬರುತ್ತಿತ್ತು.

ಮರುದಿನದಿಂದ ಗುಂಡು ಗೋಡೆಯ ಆಚೆ ಹೋಗಲಿಲ್ಲ. ಕಲ್ಪನ ಕೇಳಿಕಳಿಸಿದರೆ ಕೆಲಸದಲ್ಲಿದೆ ಎಂಬ ಉತ್ತರ ಹೋಯಿತು. ಒರಳಿಲ್ಲದ ಮನೆಯಲ್ಲಿ ಗುಂಡಿಗೆ ಏನು ಕೆಲಸ ಎಂದು ನೋಡಲು ಸಾಯಿಕುಮಾರನೇ ಬಂದ. ಗುಂಡು ರಾಗಿಹಿಟ್ಟಿನ ಡಬ್ಬದ ಮುಚ್ಚಳದ ಮೇಲೆ ಕೂತಿತ್ತು. ಇಲಿ ಕಾಟ ಎಂದಳು ಶಶಿರೇಖ. ಸಾಯಿಕುಮಾರ್ ಅಣ್ಣನ ಮುಖ ನೋಡಿದ.

"ನನ್ನೇನ್ಲಾ ನೋಡ್ತೀಯ," ಎಂದ ಗಿರಿ. "ನಂಗೆ ಆಟೋ ಎಫ್‌ಸಿ ಮಾಡ್ಸೋದೇ ತಲೆನೋವಾಗೈತೆ. ನಿಮ್ಮತ್ಗೆನ ಕೇಳು."

"ಅತ್ಗೆನ ಕೇಳೋ ಧೈರ್ಯ ಇದ್ದಿದ್ರೆ ನಿನ್ನ ಯಾಕೆ ನೋಡ್ತಿದ್ದೆ," ಎಂದು ಸಾಯಿಕುಮಾರ್ ಬಂದ ದಾರಿಗೇ ಹೋದ.

ಶಶಿರೇಖ ಮಿಕ್ಸಿಯಲ್ಲಿ ಖಾರ ರುಬ್ಬಿದಳು. ಎರಡು ದಿನ ಕಳೆಯುವಷ್ಟರಲ್ಲಿ ರೂಪೇಶನ ಫೋನು ಬಂತು. ಅವನು ದಾವಣಗೆರೆಯವನು, ಊರಿಗಾಂನಲ್ಲಿ ಎಲ್ಲರ ಊಟದ ಲೆಕ್ಕ ನೋಡಿಕೊಳ್ಳುವವನು. ಅಕ್ಕಾ, ಬೇಜಾರು ಮಾಡ್ಕೋಬೇಡಿ, ಅಡುಗೆಗೆ ಬೇರೆ ಯಾರನ್ನಾದರೂ ಇಟ್ಟಿದ್ದೀರಾ ಎಂದು ಕೇಳಿದ. ಇಲ್ಲ ಎಂದಳು. ಸಾರು ಹೋಟೆಲಿನದ್ದರ ಥರ ಇತ್ತು ಎಂದ.

ಆ ಸಂಜೆಯೇ ಅವಳು ಗಿರಿಯನ್ನು ಬಂಗಾರಪೇಟೆಗೆ ಅಟ್ಟಿದಳು. ಊರಾಚೆ ರಸ್ತೆ ಬದಿಯಲ್ಲಿ ಕಲ್ಲು ಕಡೆಯುವ ಮುನಿನಾರಾಯಣಪ್ಪನ ಹತ್ತಿರ ಒರಳು, ಗುಂಡು ಜೋಡಿಯಾಗಿ ಸಿಗುತ್ತಿದ್ದವು. ಗುಂಡು ಮನೇಲಿದೆ, ಒರಳು ಮಾತ್ರ ಸಾಕು ಎಂದ ಗಿರಿ. ಜೋಡಿ ಒಡೆದು ಕೊಡುವುದಿಲ್ಲ ಎಂದು ಮುನಿನಾರಾಯಣಪ್ಪ ಬಹಳ ಹೊತ್ತು ಗೊಣಗಿ, ಕೊನೆಗೆ ವ್ಯಾಪಾರ ಬಿಡಲಾರದೆ ಕೊಟ್ಟ. ಗೋಣಿಚೀಲ ಮುಚ್ಚಿಕೊಂಡು ಒರಳು ಆಟೋದಲ್ಲಿ ಬಂತು. ಆಚೆಯವರಿಗೆ ಕಾಣಬಾರದೆಂದು ಕತ್ತಲಾಗುವವರೆಗೆ ಗಿರಿ ಅದನ್ನು ಇಳಿಸಲಿಲ್ಲ.

ಬೆಳಿಗ್ಗೆ ಹೊಸ ಒರಳಿಗೆ ಹಳೇ ಗುಂಡು ಇಟ್ಟಳು. ಕೂರಲಿಲ್ಲ. ಹಳೇ ಒರಳಿನ ಹೊಟ್ಟೆ ಆಳ. ತಲೆಮಾರುಗಳು ತಿರುಗಿಸಿ ತಿರುಗಿಸಿ ಗುಂಡು ಅದಕ್ಕೆ ತಕ್ಕ ಹಾಗೆ ಸಣ್ಣಗಾಗಿತ್ತು. ಹೊಸ ಒರಳಲ್ಲಿ ಅದು ದೊಡ್ಡವನ ಚಪ್ಪಲಿ ಮೆಟ್ಟಿದ ಹುಡುಗನ ಹಾಗೆ ಅತ್ತ ಇತ್ತ ಹೊರಳಿತು. ಕೊತ್ತಂಬರಿ ಬೀಜ ಇಡಿಯಾಗಿ ಉಳಿದವು. ಜೊತೆಗೆ ಹೊಸ ಕಲ್ಲಿನ ಪುಡಿ. ಎಷ್ಟು ತೊಳೆದರೂ ಬೆರಳ ನಡುವೆ ಮರಳು ಮರಳಾಗಿ ಸಿಗುತ್ತಿತ್ತು. ಹೊತ್ತಾಗಿದ್ದರಿಂದ ಸೋಸಿ ಸಾರಿಗೆ ಹಾಕಿದಳು.

ಮರುದಿನ ಸಾರು ಕುದಿಯುತ್ತಿದ್ದಾಗ ಗೋಡೆಯಾಚೆಯಿಂದ ಗರಗರ ಸದ್ದು ಬಂತು. ಶಶಿರೇಖ ತನ್ನ ಗುಂಡಿನ ಕಡೆ ನೋಡಿದಳು. ಅದು ಇಲ್ಲೇ ಇದೆ. ಹಾಗಾದರೆ ಅಲ್ಲಿ ತಿರುಗುತ್ತಿರುವುದು ಏನು? ವೆಂಕಟರತ್ನಮ್ಮನನ್ನು ಕೇಳಿದರೆ, ನನ್ನನ್ನು ಕೇಳಬೇಡಿ, ನಿಮ್ಮ ಕಲ್ಲುಗಳ ಸುದ್ದಿ ಎತ್ತಿದರೆ ನಾನು ತಮ್ಮನ ಮನೆಗೆ ಹೊರಟುಹೋಗುತ್ತೇನೆ ಎಂದಳು. ಉಳಿದಿರುವ ಹಲ್ಲುಗಳನ್ನು ಕಾಪಾಡಿಕೊಳ್ಳುವುದರಲ್ಲಿದ್ದ ಶ್ರೀರಾಮಪ್ಪ. ಈ ಕಡೆ ಉಂಡರೂ ಕಲ್ಲು, ಆ ಕಡೆ ಉಂಡರೂ ಕಲ್ಲು. ಮುದ್ದೆಯನ್ನು ಮಜ್ಜಿಗೆಯಲ್ಲಿ ಮುರಿದು ನುಂಗಿ ಏಳುತ್ತಿದ್ದ.

ಊರಿಗಾಂನವರು ಹಾಗೆ ನುಂಗಿ ಏಳುವವರಲ್ಲ. ಹಾಸನದ ಹುಡುಗಿ ಪ್ರೇರಣಾಳ ಹಲ್ಲು ಒಂದು ಚೂರು ಮುರಿಯಿತು. ಮರುದಿನವೇ ಕೆಲವು ಡಬ್ಬಿಗಳು ತೊಳೆದು, ಬಟ್ಟೆಯಲ್ಲಿ ಕಟ್ಟಿ, ಇನ್ನು ಬೇಡ ಎಂಬ ಮಾತಿನೊಂದಿಗೆ ವಾಪಸು ಬಂದವು. ವಾರದಲ್ಲಿ ಅರ್ಧಕ್ಕರ್ಧ ಡಬ್ಬಿಗಳು ಕಪಾಟಿನ ಮೇಲೆ ಬೋರಲು ಬಿದ್ದವು.

"ಇನ್ನಿಬ್ರು ಬಿಟ್ರೆ ನಿಲ್ಸಿಬಿಡಾಣ ಕಣೆ," ಎಂದ ಗಿರಿ. ಕೋಪದಿಂದ ಅಲ್ಲ, ಹಸುವಿಗೆ ಹುಲ್ಲು ಮುಗಿಯಿತು ಎನ್ನುವ ಹಾಗೆ. "ಇಷ್ಟಕ್ಕೆ ಅಲ್ಲೀಗಂಟ ಓಗಿಬಂದ್ರೆ ಪೆಟ್ರೋಲ್‌ಗೂ ಆಗಲ್ಲ. ನಿಂಗೇನು, ಬೇಕಾದಾಗ ನಾನು ಕೊಡಲ್ವಾ?"

ಆ ಕೊನೆಯ ಮಾತೇ ಶಶಿರೇಖಳಿಗೆ ನಾಟಿದ್ದು. ಮರುದಿನ ಆಟೋದಲ್ಲಿ ತಾನೇ ಕೂತು ಮುನಿನಾರಾಯಣಪ್ಪನ ಹತ್ತಿರ ಹೋಗಿ, ಎಂಥ ಕಲ್ಲು ಕೊಟ್ಟೆ ಎಂದು ಜಗಳಕ್ಕೆ ನಿಂತಳು. ಅವನು ಉಳಿ ಕೆಳಗಿಟ್ಟು ಗಿರಿಯ ಕಡೆ ಬೆರಳು ಮಾಡಿದ. ಜೋಡಿ ಒಡೆಯಬೇಡ ಎಂದರೆ ಇವನು ಕೇಳಲಿಲ್ಲ. ತಬ್ಬಲಿಯಾದ ಗುಂಡನ್ನು ಏನು ಮಾಡುವುದೆಂದು ತಾನು ತಲೆ ಕೆಡಿಸಿಕೊಂಡಿದ್ದಾಗ, ಪುಣ್ಯಕ್ಕೆ ಮಾರನೇ ದಿನವೇ ಒಬ್ಬ ಸ್ಕೂಟರಿನಲ್ಲಿ ಬಂದು, ಒರಳು ಮನೇಲಿದೆ, ಗುಂಡು ಮಾತ್ರ ಸಾಕು ಎಂದು ಒಯ್ದ. ಸಿಮೆಂಟ್ ಅಂಗಡಿಯವನು. ನೋಡಲು ಥೇಟ್ ಇವನ ಹಾಗೇ ಇದ್ದ.

ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಿರಿಗೆ ನಗು ತಡೆಯಲಾಗಲಿಲ್ಲ. ಶಶಿರೇಖಳ ಮುಖ ನೋಡಿ ಆಟೋ ಸ್ಟಾರ್ಟ್ ಮಾಡುವ ನೆಪದಲ್ಲಿ ಬಗ್ಗಿದ. ಈಗ ಜೋಡಿ ಸೇರಿಸಿದರೆ ಸರಿಹೋಗುತ್ತಾ ಎಂದು ಅವಳು ಕೇಳಿದ್ದಕ್ಕೆ ಮುನಿನಾರಾಯಣಪ್ಪ, ಹೊಸ ಕಲ್ಲು ತಾನೇ, ತೌಡು ಹಾಕಿ ತಿರುಗಿಸುತ್ತಾ ಇರಿ, ಪಳಗಲು ತಿಂಗಳುಗಟ್ಟಲೆ ಬೇಕು ಎಂದ. ಶಶಿರೇಖಳ ಹತ್ತಿರ ತಿಂಗಳುಗಳು ಇರಲಿಲ್ಲ.

ವಿಷಯ ತಿಳಿದ ಶ್ರೀರಾಮಪ್ಪನ ಮುಖ ಅರಳಿತು. ಹಾಗಾದರೆ ಒಂದು ಕೆಲಸ ಮಾಡೋಣ ಎಂದು ಶುರುಮಾಡಿದ. ವೆಂಕಟರತ್ನಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಇನ್ನೊಂದು ಉಪಾಯ ಏಳಿದ್ರೆ ನಿಂಗೆ ಈ ಕಡೇನೂ ಕೂಳಿಲ್ಲ, ಆ ಕಡೇನೂ ಕೂಳಿಲ್ಲ," ಎಂದಳು. ಅವನು ಟವೆಲ್ ಕೊಡವಿಕೊಂಡು ಡೈರಿಗೆ ಹೋದ.

ಸಂಜೆ ದೀಪ ಹಚ್ಚಿ ಆಗಿತ್ತು. ಶಶಿರೇಖ ಗುಂಡನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ಹೊಸಿಲು ದಾಟಿದಳು. ಜಗುಲಿಯಲ್ಲಿದ್ದ ಅತ್ತೆ ಬಾಯಿ ತೆರೆಯುವಷ್ಟರಲ್ಲಿ, ದಾಟಿ ಆಯಿತು ಅತ್ತೆ, ಈ ಮನೆಯಲ್ಲಿ ಇನ್ನು ಹೋಗಲು ಏನು ಉಳಿದಿದೆ ಎಂದು ಅವಳ ಮುಂದೆಯೇ ನಡೆದಳು.

ಕಲ್ಪನ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಹೊಸ ಗುಂಡು ಮೂಲೆಯಲ್ಲಿ ಬಿದ್ದಿತ್ತು. ಶಶಿರೇಖ ಹಳೇ ಗುಂಡನ್ನು ಒರಳಿಗೆ ಇಳಿಸಿದಳು. ಅದು ಸದ್ದಿಲ್ಲದೆ ಕೂತಿತು. ಯಾರನ್ನೂ ಕೇಳದೆ ತಾನು ತಂದಿದ್ದ ಮೆಣಸಿನಕಾಯಿ, ಬೀಜ, ಸುಟ್ಟ ಈರುಳ್ಳಿ ಹಾಕಿ ತಿರುಗಿಸತೊಡಗಿದಳು. ತೋಳು ಸೋಲುವವರೆಗೆ ರುಬ್ಬಿದಳು. ಬೆಣ್ಣೆಯ ಹಾಗೆ ನುಣ್ಣಗಾಯಿತು. ಬೆರಳಲ್ಲಿ ತೆಗೆದು ನಾಲಗೆಗೆ ಇಟ್ಟುಕೊಂಡಳು. ಮರಳಿರಲಿಲ್ಲ. ಆದರೆ ಅದೂ ಅಲ್ಲ. ಅದೇ ಕಲ್ಲು, ಅದೇ ಗುಂಡು, ಆ ರುಚಿ ಮಾತ್ರ ಇಲ್ಲ. ಮತ್ತೊಮ್ಮೆ ನೆಕ್ಕಿ ನೋಡಿದಳು.

"ಅಷ್ಟು ನುಣ್ಣಗೆ ಮಾಡೋದಾದ್ರೆ ಮಿಕ್ಸಿ ಏನ್ ತಪ್ಪು ಮಾಡಿತ್ತು?" ಎಂದಳು ಕಲ್ಪನ, ಸೊಪ್ಪಿನಿಂದ ತಲೆ ಎತ್ತದೆ.

ಶಶಿರೇಖ ಬೆರಳಿಗೆ ಅಂಟಿದ ಖಾರ ನೋಡಿಕೊಂಡಳು.

"ಬೀಜ ಕೊನೇಗೆ ಆಕ್ಬೇಕು. ತರಿತರಿಯಾಗಿ ಇರೋವಾಗ್ಲೇ ತೆಗೀಬೇಕು. ಈರುಳ್ಳಿ ಜಜ್ಜಬೇಕು, ಅರೀಬಾರ್ದು." ಕಲ್ಪನ ಈಗ ತಲೆ ಎತ್ತಿದಳು. "ನಿಂಗೆಂಗೆ ಗೊತ್ತಾಗ್ಬೇಕು ಅಕ್ಕ? ನಾನು ಈ ಮನೆಗೆ ಬಂದ ದಿನದಿಂದ ರುಬ್ಬಿದ್ದು ನಾನು. ನೀನು ಒಲೆ ಮುಂದೆ, ನಾನು ಕಲ್ಲು ಮುಂದೆ. ಫೋನ್ ಬಂದ್ರೆ ಶಶಿಯಕ್ಕನ ಸಾರು, ಶಶಿಯಕ್ಕನ ಕೈರುಚಿ. ನಾನು ಇಲ್ಲೇ ಕೂತು ಕೇಳಿಸ್ಕೊಂತಿದ್ದೆ. ಒಂದಿನ, ಒಂದೇ ಒಂದಿನ, ಖಾರ ರುಬ್ಬೋಳು ನಮ್ ಕಲ್ಪನ ಅಂದ್ಯಾ?"

"ನೀನು ಏಳ್ಬೋದಿತ್ತಲ್ಲ."

"ಅದು ಕೇಳಿ ಏಳಿಸ್ಕೊಳೋ ಮಾತಾ?"

ಹಾಲಿನ ಲೋಟವೂ ಅಲ್ಲ, ಬಟ್ಟೆಯ ಹಗ್ಗವೂ ಅಲ್ಲ. ಶಶಿರೇಖ ಗುಂಡಿನ ಮೇಲೆ ಕೈಯಿಟ್ಟುಕೊಂಡು ಕೂತಳು. ಇಷ್ಟು ಮಾತಿಗೆ ಗೋಡೆ ಕಟ್ಟಿಸಿದೆಯಲ್ಲೇ ತಾಯಿ ಎಂದು ಬೈಯಬೇಕೆನಿಸಿತು. ಬೈದರೆ ಉಳಿದ ಡಬ್ಬಿಗಳೂ ಕಪಾಟು ಹತ್ತುತ್ತವೆ. ಹೆಸರನ್ನು ತಾನೊಬ್ಬಳೇ ಉಂಡದ್ದಂತೂ ನಿಜವೇ.

"ಈಗ ಏಳ್ತೀನಿ," ಎಂದಳು.

"ನನ್ ಮುಂದೆನೇ ಏಳು. ಸ್ಪೀಕರ್ ಆಕಿ."

ಖಾರದ ಕೈಯನ್ನು ಸೆರಗಿಗೆ ಒರೆಸಿಕೊಂಡು ಶಶಿರೇಖ ರೂಪೇಶನಿಗೆ ಫೋನ್ ಮಾಡಿದಳು. ನೋಡಪ್ಪ, ನೀವೆಲ್ಲ ಮೆಚ್ಚಿಕೊಂಡಿದ್ದ ಆ ಸಾರಿನ ಖಾರ ನಾನು ರುಬ್ಬಿದ್ದಲ್ಲ, ನನ್ನ ಓರಗಿತ್ತಿ ಕಲ್ಪನ ರುಬ್ಬುತ್ತಿದ್ದಳು, ನಾಳೆಯಿಂದ ಮತ್ತೆ ಅವಳೇ ರುಬ್ಬುತ್ತಾಳೆ ಎಂದಳು.

"ಯಾರಾದ್ರೂ ರುಬ್ಬಲಿ ಅಕ್ಕಾ," ಎಂದ ರೂಪೇಶ್. "ಕಲ್ಲು ಬರದಿದ್ರೆ ಸಾಕು. ನಾಳೆ ಒಂದು ದಿನ ಎಲ್ಲರಿಗೂ ಕಳಿಸಿ, ನೋಡ್ತೀವಿ."

ಕಲ್ಪನಳ ಮುಖ ಸಪ್ಪಗಾಯಿತು. ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಅವನಿಗೆ ಒಂದು ಸಂಗತಿಯೇ ಅಲ್ಲ. ಶಶಿರೇಖಳಿಗೆ ಮೊದಲು ನಗು ಬಂತು, ಆಮೇಲೆ ಕಲ್ಪನಳಿಗೂ ಬಂತು. ನಗು ನಿಂತ ಮೇಲೆ ಕಲ್ಪನ ಮತ್ತೆ ಗಟ್ಟಿಯಾದಳು. ಬಂದದ್ದರಲ್ಲಿ ಅರ್ಧ ತನಗೆ, ಹಬ್ಬಕ್ಕೆ ಕೊಡುವ ಸೀರೆಯ ಹಾಗಲ್ಲ, ತಿಂಗಳು ತಿಂಗಳು ಅರ್ಧ ಎಂದಳು. ಶಶಿರೇಖ ಒಪ್ಪಿಕೊಂಡಳು. ಬೇರೆ ದಾರಿ ಇರಲಿಲ್ಲ.

ಬೆಳಿಗ್ಗೆ ಅವಳು ತನ್ನ ಗ್ಯಾಸ್ ಒಲೆ ಬಿಟ್ಟು ಹಳೇ ಅಡುಗೆಮನೆಗೇ ಬಂದು ನಿಂತಳು. ಕಲ್ಪನ ಕಲ್ಲಿನ ಮುಂದೆ ಕೂತು ಕೊತ್ತಂಬರಿ ಬೀಜವನ್ನು ಮೂಸಿ, ಬಾಣಲೆಯನ್ನು ಹಿಂದಕ್ಕೆ ತಳ್ಳಿದಳು. ಇದನ್ನು ಹುರಿದದ್ದು ಅಂತಾರಾ, ಹಸಿ ಹಸಿ ಇದೆ ಎಂದಳು. ಹೊರಗೆ ಗಿರಿ ಹಾರ್ನ್ ಹೊಡೆಯುತ್ತಿದ್ದ. ಶಶಿರೇಖ ಬಾಣಲೆಯನ್ನು ಮತ್ತೆ ಒಲೆ ಮೇಲಿಟ್ಟಳು. ಬಸಿದ ಕಟ್ಟಿಗೆ ಉಪ್ಪು ಈಗಲೇ ಹಾಕಬೇಡ ಎಂಬ ಅಪ್ಪಣೆಯೂ ಬಂತು. ಹಾಕಲಿಲ್ಲ. ಮದುವೆಯಾಗಿ ಬಂದಾಗ ಅತ್ತೆಯಿಂದಲೂ ಇಷ್ಟು ಹೇಳಿಸಿಕೊಂಡಿರಲಿಲ್ಲ ಅವಳು.

ಸಾಯಂಕಾಲ ಡಬ್ಬಿಗಳು ಬಂದವು. ಇಬ್ಬರೂ ಜಗುಲಿಯಲ್ಲಿ ಕೂತು ಒಂದೊಂದೇ ಮುಚ್ಚಳ ತೆಗೆದು ನೋಡಿದರು. ಎಲ್ಲ ಖಾಲಿ. ಬಿಟ್ಟುಹೋದವರೆಲ್ಲ ನಾಳೆಯಿಂದ ಬೇಕು ಅಂದಿದ್ದಾರಂತೆ, ಪ್ರೇರಣಾ ಒಬ್ಬಳು ಮಾತ್ರ ಹಲ್ಲು ಸರಿಮಾಡಿಸಿಕೊಂಡು ನೋಡುತ್ತೇನೆ ಅಂದಳಂತೆ ಎಂದು ಗಿರಿ ಹೇಳಿದ.

"ನೋಡಿದ್ಯಾ?" ಎಂದಳು ಕಲ್ಪನ. "ನಾಳೆಯಿಂದ ಬೀಜಾನೂ ನಾನೇ ಉರ್ಕೊತೀನಿ. ಅದು ನಿನ್ ಕೈಲಿ ಆಗೋ ಕೆಲ್ಸ ಅಲ್ಲ. ನೀನು ಮುದ್ದೆ ಕಟ್ಟು, ಸಾಕು."

ಶಶಿರೇಖಳ ನಾಲಗೆಯ ತುದಿಗೆ ನಾಲ್ಕಾರು ಮಾತು ಬಂದವು, ಎಲ್ಲವೂ ಚೆನ್ನಾಗಿಯೇ ಇದ್ದವು. ಖಾಲಿ ಡಬ್ಬಿಗಳನ್ನು ಒಂದರೊಳಗೊಂದು ಸೇರಿಸುತ್ತಾ ಅವನ್ನೆಲ್ಲ ನುಂಗಿಕೊಂಡಳು.

"ಊಂ," ಎಂದಳು. "ಎಷ್ಟೊತ್ಗೆ ಬರ್ಲಿ, ಅದನ್ನೂ ನೀನೇ ಏಳ್ಬಿಡು."